ತಂತಿ ಬದಲಿಸದ ಬೇಸ್

ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆತ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್, ಆಳೆತ್ತರದ ಡಬಲ್ ಬೇಸ್‌ನ ಕೆಲಸವನ್ನು ಹೆಗಲಿಗೆ ತೂಗುಹಾಕುವ ವಾದ್ಯಕ್ಕೆ ಕೊಟ್ಟಿತು. ವೀಣೆಗಿರುವಂತೆ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿತ್ತು. ಹೆಸರು ಹುಟ್ಟಿದ್ದೂ ಅದರಿಂದಲೇ.

ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಮೊದಲು ಡಬಲ್ ಬೇಸ್ ನುಡಿಸುತ್ತಿದ್ದವನು. ಆತನ 1962ರ ಪ್ರಿಸಿಷನ್‌ಗೆ ‘ಫಂಕ್ ಮೆಷಿನ್’ ಎಂದೇ ಹೆಸರು. ದಪ್ಪ ತಂತಿಗಳು, ಬ್ರಿಡ್ಜಿನ ಮುಚ್ಚಳದಡಿ ಒಂದು ತುಂಡು ಫೋಮ್, ಮೀಟುವುದಕ್ಕೆ ಬಲಗೈಯ ತೋರುಬೆರಳೊಂದೇ. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಹಳೆಯ ತಂತಿಯ ಜಿಡ್ಡಿನಲ್ಲೇ ನಾದವಿದೆ ಎಂದು ನಂಬಿದ್ದ. ಒಳ್ಳೆಯ ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಒರೆಸುವವರಿಗೆ ಇದು ಅರ್ಥವಾಗಲಿಕ್ಕಿಲ್ಲ.

ಮೋಟೌನ್ ಕಂಪನಿಯ ಅರವತ್ತರ ದಶಕದ ಎಷ್ಟೋ ಜನಪ್ರಿಯ ಹಾಡುಗಳ ತಳಪಾಯ ಈ ಬೇಸ್. ಆದರೆ ರೆಕಾರ್ಡಿನ ಹೊದಿಕೆಯಲ್ಲಿ ವಾದಕರ ಹೆಸರು ಹಾಕುತ್ತಿರಲಿಲ್ಲ. ಅದಕ್ಕೆ 1971ರ ತನಕ, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಬರುವ ತನಕ ಕಾಯಬೇಕಾಯಿತು. ದೇಶವಿಡೀ ಕುಣಿದವರು ಬೆರಳು ಯಾರದೆಂದು ಕೇಳಲಿಲ್ಲ. (ನಮ್ಮ ಹಳೆಯ ಸಿನಿಮಾ ಹಾಡುಗಳ ವಾದ್ಯಗಾರರ ಪಾಡೂ ಬಹುಮಟ್ಟಿಗೆ ಇದೇ.)

1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯಿತು. ಜೇಮರ್ಸನ್ ಕೂಡ ಅಲ್ಲಿಗೆ ಹೋದ. ಹಳೆಯ ದಿನಗಳು ಮರಳಲಿಲ್ಲ. 1983ರ ಆಗಸ್ಟ್ 2ರಂದು ಆತ ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು ಫಂಕ್ ಮೆಷಿನ್ ಕಳುವಾಯಿತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆತನನ್ನು ಸೇರಿಸಿಕೊಂಡದ್ದು 2000ದಲ್ಲಿ. ವಾದ್ಯ ಮಾತ್ರ ಈವರೆಗೆ ಸಿಕ್ಕಿಲ್ಲ. ಗುರುತಿಗೆ, ಅದರ ಹಿಡಿಕೆಯ ಬುಡದಲ್ಲಿ ಆತ ಕೆತ್ತಿದ ‘ಫಂಕ್’ ಎಂಬ ಒಂದು ಪದವಿದೆ.