ಸಾರ್ವಜನಿಕ ದಂತ ಚಿಕಿತ್ಸೆ: ನಡೆದು ಬಂದ ದಾರಿ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಳಿಕೆರೆ ಒಂದು ಮುಖ್ಯ ಕೂಡುರಸ್ತೆ. ಇಲ್ಲಿಂದ ಒಂದು ದಾರಿ ಹುಣಸೂರು, ಪಿರಿಯಾಪಟ್ಟಣದ ಕಡೆಗೂ ಇನ್ನೊಂದು ಕೃಷ್ಣರಾಜನಗರ, ಹಾಸನದ ಕಡೆಗೂ ಕವಲೊಡೆಯುತ್ತದೆ. ಈ ಹೋಬಳಿಯ ಹಳ್ಳಿಯೊಂದರ ಕೂಲಿಕಾರನಿಗೆ ರಾತ್ರಿ ದವಡೆಹಲ್ಲು ನೋಯತೊಡಗಿತೆಂದು ಭಾವಿಸೋಣ. ಲವಂಗ ಕಚ್ಚಿಕೊಂಡು ರಾತ್ರಿ ಕಳೆಯುತ್ತಾನೆ. ಬೆಳಿಗ್ಗೆ ಕೂಲಿ ಬಿಟ್ಟು ಬಸ್ಸು ಹತ್ತಬೇಕೋ, ನೋವು ನುಂಗಿಕೊಂಡು ಕೆಲಸಕ್ಕೆ ಹೋಗಬೇಕೋ ಎಂಬುದೇ ಅವನ ಪ್ರಶ್ನೆ. ಜ್ವರಕ್ಕೆ, ಹೆರಿಗೆಗೆ, ಲಸಿಕೆಗೆ ಸರ್ಕಾರ ಹಳ್ಳಿಯ ಸಮೀಪಕ್ಕೆ ಬಂದಿತು. ಹಲ್ಲಿಗೆ ಮಾತ್ರ ಪಟ್ಟಣವೇ ಗತಿಯಾಯಿತು. ಹೀಗೇಕಾಯಿತು?

ಮೂರು ಲಕ್ಷಕ್ಕೆ ಒಬ್ಬರು

ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಸ್ಥಾಪಿಸಿದರು. ಆದರೂ 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ವರದಿ ಸಲ್ಲಿಸಿದಾಗ ದೇಶದಲ್ಲಿದ್ದ ದಂತವೈದ್ಯರು ಸುಮಾರು ಒಂದು ಸಾವಿರ ಮಾತ್ರ. ಅಂದರೆ ಮೂರು ಲಕ್ಷ ಜನರಿಗೆ ಒಬ್ಬರು! ಈ ವರದಿಯ ಚಿಂತನೆಯಿಂದಲೇ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡವು. ಮಲೇರಿಯ, ಸಿಡುಬು, ಬಾಣಂತಿಯರ ಸಾವು ಕಣ್ಣೆದುರಿಗಿದ್ದ ಕಾಲವದು. ಹಲ್ಲುನೋವಿನಿಂದ ಪ್ರಾಣ ಹೋಗದು ಎಂಬ ಭಾವನೆಯೂ ಇತ್ತು. ಹೀಗಾಗಿ ಹಲ್ಲಿನ ಸರದಿ ಹಿಂದೆ ಬಿದ್ದಿತು.

ಒಂದೇ ವರ್ಷ, ಎರಡು ದೇಶ

1948ನೆಯ ಇಸವಿ ಇಲ್ಲಿ ಮುಖ್ಯವಾದುದು. ಆ ವರ್ಷ ಭಾರತದಲ್ಲಿ ದಂತವೈದ್ಯರ ಕಾಯಿದೆ ಜಾರಿಗೆ ಬಂದಿತು. ಯಾರು ದಂತವೈದ್ಯರು, ಅವರ ಶಿಕ್ಷಣ ಹೇಗಿರಬೇಕು, ನೋಂದಣಿ ಹೇಗೆ ಎಂಬುದನ್ನು ಅದು ನಿರ್ಧರಿಸಿತು. ಅದೇ ವರ್ಷದ ಜುಲೈ 5ರಂದು ಬ್ರಿಟನ್ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿ, ಕಟ್ಟುಹಲ್ಲೂ ಸೇರಿದಂತೆ ದಂತ ಚಿಕಿತ್ಸೆಯನ್ನು ಉಚಿತವಾಗಿಸಿತು. ಜನ ಮುಗಿಬಿದ್ದರು; ವೆಚ್ಚ ಅಂದಾಜು ಮೀರಿತು. 1951ರಲ್ಲಿ ಕಟ್ಟುಹಲ್ಲಿಗೆ ಶುಲ್ಕ ವಿಧಿಸಲು ಹೊರಟಾಗ, ಆ ಸೇವೆಯ ಶಿಲ್ಪಿ ಅನ್ಯೂರಿನ್ ಬೆವನ್ ಸಚಿವ ಪದವಿಗೇ ರಾಜೀನಾಮೆ ನೀಡಿದರು. ಬ್ರಿಟನ್ ರೋಗಿಯಿಂದ ಆರಂಭಿಸಿತು, ನಾವು ವೃತ್ತಿಯಿಂದ ಆರಂಭಿಸಿದೆವು. ಸಾವಿರ ವೈದ್ಯರಿದ್ದ ದೇಶಕ್ಕೆ ಬೇರೆ ದಾರಿ ಸುಲಭವಿರಲಿಲ್ಲ ನಿಜ. ಆದರೆ ವೈದ್ಯರು ಹೆಚ್ಚಿದ ಮೇಲೆ ಸೇವೆ ತಾನಾಗಿಯೇ ಹಳ್ಳಿಗೆ ಹರಿಯಿತೇ?

ಕಾಲೇಜುಗಳು ಬಂದವು

ಬೆಂಗಳೂರಿನಲ್ಲಿ 1958ರಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಆರಂಭವಾಯಿತು. 1965ರಲ್ಲಿ ಮಣಿಪಾಲದಲ್ಲಿ, 1986ರಲ್ಲಿ ಮೈಸೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯಿಂದ ದಂತವೈದ್ಯಕೀಯ ಕಾಲೇಜುಗಳು ಬಂದವು. ಮುಂದೆ ಇಂತಹ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಆದರೆ ಅವುಗಳಲ್ಲಿ ಬಹುಪಾಲು ಖಾಸಗಿ, ಬಹುಪಾಲು ನಗರಗಳಲ್ಲಿವೆ. ಹೆಚ್ಚು ಖರ್ಚು ಮಾಡಿ ಓದಿದವರು ಗಿರಾಕಿ ಇರುವ ಪೇಟೆಯಲ್ಲಿ ಚಿಕಿತ್ಸಾಲಯ ತೆರೆಯುವುದು ಸಹಜವೇ.

ಸರ್ಕಾರಿ ವ್ಯವಸ್ಥೆಯ ಮೆಟ್ಟಿಲುಗಳನ್ನೂ ನೋಡಬೇಕು. ಬಯಲುಸೀಮೆಯಲ್ಲಿ 30 ಸಾವಿರ, ಗುಡ್ಡಗಾಡು ಮತ್ತು ಗಿರಿಜನ ಪ್ರದೇಶದಲ್ಲಿ 20 ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕು. ದಂತವೈದ್ಯರ ಹುದ್ದೆಯನ್ನು 2012ರ ರಾಷ್ಟ್ರೀಯ ಮಾನದಂಡಗಳು ಅಗತ್ಯವೆಂದದ್ದು ಅದರ ಮೇಲಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ. ಅದು ಸುಮಾರು 1,20,000 ಜನರಿಗೆ ಒಂದು. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳ ಜನರಿಗೆ ಈ ಮೆಟ್ಟಿಲು ಬಲು ದೂರ.

ಉಚಿತವೆಂದರೆ ಸಾಕೇ?

2014–15ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ಅವಧಿಯಲ್ಲಿ ಕರ್ನಾಟಕ ಸರ್ಕಾರದ 'ದಂತ ಭಾಗ್ಯ' ಯೋಜನೆ ಬಡತನ ರೇಖೆಯ ಕೆಳಗಿನ ಹಿರಿಯರಿಗೆ ದಂತವೈದ್ಯಕೀಯ ಕಾಲೇಜುಗಳ ನೆರವಿನಿಂದ ಉಚಿತ ಕಟ್ಟುಹಲ್ಲು ಒದಗಿಸಲು ಮುಂದಾಯಿತು. ರೊಟ್ಟಿ, ಕಾಳು ಅಗಿದು ತಿನ್ನಲಾಗದ ವೃದ್ಧರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಕಟ್ಟುಹಲ್ಲು ಒಂದೇ ದಿನದ ಕೆಲಸವಲ್ಲ. ಅಚ್ಚು ತೆಗೆಯಬೇಕು, ಕಡಿತದ ಅಳತೆ ನೋಡಬೇಕು, ತೊಡಿಸಿ ಪರೀಕ್ಷಿಸಬೇಕು, ಮತ್ತೆ ಸರಿಪಡಿಸಬೇಕು. ಒಂದೊಂದು ಸಲಕ್ಕೂ ಬಸ್ಸಿನ ಖರ್ಚು, ಜೊತೆಗೆ ಬರುವ ಮಗನ ಅಥವಾ ಸೊಸೆಯ ಒಂದು ದಿನದ ಕೂಲಿ ಹೋಗುತ್ತದೆ. ಚಿಕಿತ್ಸೆಯ ಬೆಲೆ ಸೊನ್ನೆಯಾದರೂ ಅದನ್ನು ತಲುಪುವ ಬೆಲೆ ಸೊನ್ನೆಯಾಗುವುದಿಲ್ಲ.

ದೂರಕ್ಕೆ ಇನ್ನೊಂದು ದಂಡವೂ ಇದೆ. ಹುಳುಕು ಚಿಕ್ಕದಿದ್ದಾಗ ತುಂಬಿಸಿದರೆ ಹಲ್ಲು ಉಳಿಯುತ್ತದೆ. ನೋವು ತಡೆಯಲಾರದಾದಾಗ ಬಂದವರಿಗೆ ಅನೇಕ ವೇಳೆ ಕೀಳಿಸುವುದೊಂದೇ ದಾರಿ. ಬಾಯಿ ಕ್ಯಾನ್ಸರಿನ ವಿಷಯದಲ್ಲಿ ತಡವಾದರೆ ಪ್ರಾಣಕ್ಕೇ ಅಪಾಯ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳು ಹೊಗೆಸೊಪ್ಪು ಬೆಳೆಯುವ ನಾಡು. ಈ ಬೆಳೆ ಹೆಚ್ಚಾಗಿ ಸಿಗರೇಟಿಗೆ ಮತ್ತು ರಫ್ತಿಗೆ ಹೋಗುತ್ತದೆ. ಆದರೆ ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ಅಭ್ಯಾಸ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬಾಯೊಳಗಿನ ಬಿಳಿ ಮಚ್ಚೆಯನ್ನೋ ಮಾಯದ ಹುಣ್ಣನ್ನೋ ಮೊದಲೇ ಗುರುತಿಸಲು ದೊಡ್ಡ ಯಂತ್ರ ಬೇಡ. ತರಬೇತಿ ಪಡೆದ ಕಣ್ಣು ಮತ್ತು ಒಂದು ಟಾರ್ಚು ಸಾಕು.

2018ರಿಂದ ಆಯುಷ್ಮಾನ್ ಭಾರತ್ ಯೋಜನೆಯಡಿ ಹಳ್ಳಿ ಮಟ್ಟದ ಆರೋಗ್ಯ ಕೇಂದ್ರಗಳು ನೀಡಬೇಕಾದ 12 ಬಗೆಯ ಸೇವೆಗಳಲ್ಲಿ ಬಾಯಿಯ ಪ್ರಾಥಮಿಕ ಆರೈಕೆಯೂ ಸೇರಿದೆ. 1952ರಲ್ಲಿ ಬಿಟ್ಟುಹೋದ ಕೊಂಡಿಯನ್ನು ಕೂಡಿಸುವ ಪ್ರಯತ್ನವಿದು. ಶಾಲೆಗಳಲ್ಲಿ ನಿಯತ ತಪಾಸಣೆ, ಗೊತ್ತಾದ ದಿನ ಊರಿಗೆ ಬರುವ ಸಂಚಾರಿ ಚಿಕಿತ್ಸಾ ವಾಹನ, ಖಾಲಿ ಹುದ್ದೆ ಇಲ್ಲದ ತಾಲ್ಲೂಕು ಆಸ್ಪತ್ರೆ ಇದರೊಂದಿಗೆ ಕೂಡಿಕೊಂಡರೆ ಪ್ರಯತ್ನ ಫಲಿಸೀತು. ಎಷ್ಟು ಕಾಲೇಜುಗಳಿವೆ, ಎಷ್ಟು ವೈದ್ಯರಿದ್ದಾರೆ ಎಂದು ನಾವು ಬಹುಕಾಲ ಎಣಿಸಿದೆವು. ದಂತವೈದ್ಯರ ಕುರ್ಚಿ ಹಳ್ಳಿಯಿಂದ ಎಷ್ಟು ಮೈಲಿ ದೂರದಲ್ಲಿದೆ ಎಂಬುದನ್ನು ಇನ್ನು ಮುಂದೆ ಎಣಿಸಬೇಕಾಗಿದೆ.