ಪಡಸಾಲೆಯ ಪೆಟ್ಟಿಗೆ, ಅಡಿಗೆಮನೆಯ ಕಿವಿ

ಬೀದರ, ಭಾಲ್ಕಿ, ಔರಾದ ಕಡೆಯ ನಾವು ನಿಜಾಮರ ಸೀಮೆಯವರು. ಹೈದರಾಬಾದಿನ ಖಾಸಗಿ ರೇಡಿಯೋ ಕೇಂದ್ರವನ್ನು ನಿಜಾಮ ಸರ್ಕಾರ 1935ರಲ್ಲಿ ತನ್ನದಾಗಿಸಿಕೊಂಡಿತು. ಅದರ ಮುಖ್ಯ ಭಾಷೆ ಉರ್ದು. ಕಚೇರಿಯದೂ ಅದೇ, ಶಾಲೆಯದೂ ಅದೇ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಮಾತು ನಮ್ಮಲ್ಲಿ ಮನೆಮಾತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಶರಣಾಯಿತು. 23ರಂದು ನಿಜಾಮರು ಪ್ರಜೆಗಳೊಡನೆ ಮಾತಾಡಿದ್ದೂ ರೇಡಿಯೋದಲ್ಲೇ. 1950ರಲ್ಲಿ ಆ ಕೇಂದ್ರ ಆಕಾಶವಾಣಿಗೆ ಸೇರಿತು.

ಆಗ ಸೆಟ್ಟು ಇದ್ದ ಮನೆಗಳು ಕೆಲವೇ. ಅದಕ್ಕೆ ಪೋಸ್ಟ್ ಆಫೀಸಿನಲ್ಲಿ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಕಸೂತಿ ಬಟ್ಟೆ ಹೊದ್ದು ಪಡಸಾಲೆಯಲ್ಲಿ ಕುಳಿತ ಆ ಪೆಟ್ಟಿಗೆಯ ಕಿವಿ ಹಿಂಡುವ ಅಧಿಕಾರ ಗಂಡಸರದು. ಹೆಂಗಸರು ಒಲೆಯ ಮುಂದಿಂದಲೇ ಕೇಳಬೇಕು. “ಅವರಿಗಿ ಸುದ್ದಿ, ನಮಗ ಬರೀ ದನಿ” ಎನ್ನುತ್ತಿದ್ದರು ನಮ್ಮತ್ತೆ.

1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಶುರುವಾಗಿ ಕನ್ನಡದ ದನಿ ಹತ್ತಿರವಾಯಿತು. ಆದರೆ ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಬದಲಾವಣೆ ತಂದದ್ದು ಟ್ರಾನ್ಸಿಸ್ಟರ್. ತಂತಿ ಬೇಡ, ಕರೆಂಟು ಬೇಡ, ಸೆಲ್ ಹಾಕಿದರಾಯಿತು. ಪಡಸಾಲೆಯ ಹೊಸ್ತಿಲು ದಾಟಿ ರೇಡಿಯೋ ಅಡಿಗೆಮನೆಯ ಗೂಡಿಗೆ ಬಂತು. ರೊಟ್ಟಿ ಬಡಿಯುತ್ತಲೇ ತಮಗೆ ಬೇಕಾದ ಹಾಡನ್ನು ತಾವೇ ಹುಡುಕಿಕೊಳ್ಳುವ ಸ್ವಾತಂತ್ರ್ಯ ಅಂದು ಸಿಕ್ಕಿತು.

ಟಿ.ವಿ.ಯ ಕಥೆ ಬೇರೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂದವು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ ಆ ಭಾಗ್ಯ; ನೆರೆಯ ಬೀದರಕ್ಕಿಲ್ಲ. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆ ಓಣಿಯವರದೆಲ್ಲ ಆಯಿತು. ಪೆಟ್ಟಿಗೆ ಮತ್ತೆ ಪಡಸಾಲೆಗೆ ಹೋದರೂ ಈ ಸಲ ಅದರ ಮುಂದೆ ಹೆಂಗಸರೂ ಕುಳಿತರು.

ಈಗ ಪೆಟ್ಟಿಗೆಯೇ ಬೇಡ. ಅಂಗೈಯಗಲದ ಪ್ರೊಜೆಕ್ಟರ್ ವೈಫೈ ಮೂಲಕ ಫೋನಿನ ಚಿತ್ರ ಪಡೆದು ಸುಣ್ಣದ ಗೋಡೆಯ ಮೇಲೆ ಚೆಲ್ಲುತ್ತದೆ. ದನಿ ಮೂಲೆಯ ಸ್ಪೀಕರಿನಿಂದ ಬರುತ್ತದೆ. ಸಿನಿಮಾ ಒಮ್ಮೆಗೇ ಬರುವುದಿಲ್ಲ. ತುಣುಕು ತುಣುಕಾಗಿ ಬಂದು ಸ್ವಲ್ಪ ಮುಂಗಡ ಕೂಡಿಟ್ಟುಕೊಂಡು ಓಡುತ್ತದೆ. ಆ ಮುಂಗಡ ಮುಗಿದರೆ ಗೋಡೆಯ ಮೇಲೆ ಚಕ್ರ ತಿರುಗುತ್ತ ನಿಲ್ಲುತ್ತದೆ.

ಇಷ್ಟೆಲ್ಲ ಬಂದ ಮೇಲೂ ನಮ್ಮತ್ತೆಯವರ ಮಾತು ಹಳತಾಗಿಲ್ಲ. ಈ ಯಂತ್ರ ನಾವು ಹಿಂದೆ ನೋಡಿದ್ದನ್ನು ಲೆಕ್ಕವಿಟ್ಟು ಅಂಥದ್ದನ್ನೇ ಮುಂದಿಡುತ್ತದೆ. ಔರಾದದಂಥ ಗಡಿಯೂರಿನಲ್ಲಿ ಮರಾಠಿ, ತೆಲುಗು, ಹಿಂದಿ ಎಲ್ಲವೂ ನಮ್ಮವೇ. ಆದರೆ ಮನೆಯಲ್ಲಿ ಯಾರೂ ಕನ್ನಡ ಕೇಳದಿದ್ದರೆ ಅದು ತಾನಾಗಿ ಕನ್ನಡ ತಂದುಕೊಡುವುದು ಅಪರೂಪ. ಹಿಂದೆ ಸರ್ಕಾರದ ಕಟ್ಟಳೆ ಮಾಡಿದ ಕೆಲಸವನ್ನು ಈಗ ನಮ್ಮ ಸುಮ್ಮನಿರುವಿಕೆ ಮಾಡೀತು. ಆದ್ದರಿಂದ ಸಂಜೆ ದೀಪ ಆರಿಸಿ ಗೋಡೆ ಬೆಳಗಿಸುವಾಗ ಫೋನು ಒಮ್ಮೆ ಅಡಿಗೆಮನೆಯವಳ ಕೈಗೂ ಬರಲಿ. ಅವಳಿಗೇನು ಬೇಕೆಂದು ಅವಳೇ ಹುಡುಕಲಿ.