ಡೋವರ್ ಜಲಸಂಧಿಯೂ ನೌಕಾಸಂಘಟ್ಟನೆಯ ಗಣಿತವೂ

ಕಡಲಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದುದನ್ನು ಬಹುಕಾಲ ದುರ್ವಿಧಿಯೆಂದೋ ಕಪ್ತಾನನ ಅಪರಾಧವೆಂದೋ ಎಣಿಸುತ್ತಿದ್ದರು. ನ್ಯಾಯಾಲಯಗಳು ವಿಚಾರಿಸುತ್ತಿದ್ದುದೂ ತಪ್ಪಿತಸ್ಥನಾರು ಎಂಬುದನ್ನೇ. ಒಂದು ಜಲಮಾರ್ಗದಲ್ಲಿ ವರ್ಷಕ್ಕೆ ಎಷ್ಟು ಸಂಘಟ್ಟನೆಗಳನ್ನು ನಿರೀಕ್ಷಿಸಬೇಕೆಂಬ ಪ್ರಶ್ನೆ ಇದಕ್ಕಿಂತ ಭಿನ್ನವಾದುದು. ಅದು ಖಚಿತವಾದ ಗಣಿತರೂಪವನ್ನು ತಾಳಿದುದು 1970ರ ದಶಕದಲ್ಲಿ. ಆ ಗಣನೆ ಯಾವ ಆಧಾರದ ಮೇಲೆ ನಿಂತಿದೆಯೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇಂಗ್ಲೆಂಡ್ ಫ್ರಾನ್ಸ್‌ಗಳ ನಡುವಣ ಡೋವರ್ ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 33 ಕಿಲೋಮೀಟರ್. ಅಲ್ಲಿ 1967ರಲ್ಲಿ ಸಂಚಾರ ವಿಭಜನೆಯ ವ್ಯವಸ್ಥೆ ಜಾರಿಗೆ ಬಂದಿತು: ಈಶಾನ್ಯಕ್ಕೆ ಸಾಗುವ ಹಡಗುಗಳು ಫ್ರಾನ್ಸಿನ ಕಡೆಯಿಂದಲೂ ನೈಋತ್ಯಕ್ಕೆ ಸಾಗುವವು ಇಂಗ್ಲೆಂಡಿನ ಕಡೆಯಿಂದಲೂ ಹೋಗತಕ್ಕದ್ದು. ಆದರೆ ಪಾಲನೆ ಐಚ್ಛಿಕವಾಗಿತ್ತು. 1971ರ ಜನವರಿ 11ರಂದು ಇಂಗ್ಲೆಂಡಿನ ಕಡೆಯ ಪಥದಲ್ಲಿ ಎದುರುದಿಕ್ಕಿಗೆ ಬರುತ್ತಿದ್ದ ‘ಪರಾಕಾಸ್’ ಹಡಗು ‘ಟೆಕ್ಸಾಕೊ ಕೆರಿಬಿಯನ್’ ಎಂಬ ತೈಲನೌಕೆಗೆ ಡಿಕ್ಕಿ ಹೊಡೆಯಿತು. ತೈಲನೌಕೆ ಸ್ಫೋಟಗೊಂಡು ಮುಳುಗಿತು. ಮರುದಿನ ಅದರ ಅವಶೇಷಕ್ಕೆ ಬಡಿದು ಜರ್ಮನಿಯ ‘ಬ್ರಾಂಡೆನ್‌ಬರ್ಗ್’ ಮುಳುಗಿತು. ಅನಂತರ ಆ ಸ್ಥಳದಲ್ಲಿ ದೀಪನೌಕೆಯನ್ನು ನಿಲ್ಲಿಸಿದ್ದರೂ ಫೆಬ್ರವರಿ 27ರಂದು ಗ್ರೀಕರ ‘ನಿಕಿ’ ಅಲ್ಲಿಗೇ ಬಂದು ಬಡಿಯಿತು. ಅದರಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಇಂಥ ಪಥಗಳ ಪಾಲನೆಯನ್ನು ಕಡ್ಡಾಯಗೊಳಿಸಿದ 1972ರ ಅಂತರರಾಷ್ಟ್ರೀಯ ನಿಯಮಗಳು 1977ರಲ್ಲಿ ಜಾರಿಗೆ ಬಂದವು.

ಇದೇ ಕಾಲದಲ್ಲಿ ಜಪಾನಿನಲ್ಲಿ ಯಾಹೆಯಿ ಫುಜಿಯವರೂ ಅವರ ಸಹೋದ್ಯೋಗಿಗಳೂ, 1974ರಲ್ಲಿ ಮ್ಯಾಕ್‌ಡಫ್ ಅವರೂ ಸಂಭವನೀಯತೆಯ ಗಣನೆಯನ್ನು ಪ್ರಕಟಿಸಿದರು. ಮ್ಯಾಕ್‌ಡಫ್ ಅವರ ಉಪಾಯ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವೇ: ಹಡಗುಗಳನ್ನು ಅನಿಲದ ಅಣುಗಳೆಂದು ಭಾವಿಸಿ, ಡಿಕ್ಕಿಗೆ ಮುನ್ನ ಅಣು ಸರಾಸರಿ ಎಷ್ಟು ದೂರ ಸಾಗುತ್ತದೆಂಬ ಲೆಕ್ಕವನ್ನು ಕಡಲಿಗೆ ಅನ್ವಯಿಸುವುದು. ಹಡಗುಗಳ ಉದ್ದ, ಅಗಲ, ವೇಗ ಮತ್ತು ಸಾಂದ್ರತೆ ತಿಳಿದರೆ, ಯಾರೂ ಚುಕ್ಕಾಣಿ ತಿರುಗಿಸದಿದ್ದಾಗ ಎಷ್ಟು ಡಿಕ್ಕಿಗಳಾಗುತ್ತವೆಂಬುದು ದೊರೆಯುತ್ತದೆ. ಎರಡೂ ದಿಕ್ಕಿನ ಸಂಚಾರ ಇಮ್ಮಡಿಯಾದರೆ ಈ ಸಂಖ್ಯೆ ನಾಲ್ಮಡಿಯಾಗುತ್ತದೆ.

ಆದರೆ ಅಣುವಿಗೆ ಕಣ್ಣಿಲ್ಲ, ನಾವಿಕನಿಗೆ ಉಂಟು. ವಾಸ್ತವದಲ್ಲಿ ನಡೆಯುವ ಸಂಘಟ್ಟನೆಗಳು ಈ ಗಣನೆಗಿಂತ ಬಹಳ ಕಡಮೆ. ದಾಖಲಾದ ಅಪಘಾತಗಳನ್ನು ಗಣಿತದ ಸಂಖ್ಯೆಯಿಂದ ಭಾಗಿಸಿದಾಗ ಬರುವುದು ಹತ್ತು ಸಾವಿರಕ್ಕೆ ಒಂದರ ಆಸುಪಾಸಿನ ಒಂದು ಅಂಶ. ಇದನ್ನು ಕಾರಣ-ಸಂಭವನೀಯತೆ ಎನ್ನಬಹುದು. ಮಂಜು, ಆಯಾಸ, ರೇಡಾರನ್ನು ತಪ್ಪಾಗಿ ಓದುವುದು, ಎಲ್ಲವೂ ಇದರೊಳಗೆ ಅಡಗಿವೆ. 1956ರಲ್ಲಿ ನಾಂಟಕೆಟ್ ಬಳಿ ಡಿಕ್ಕಿಯಾದ ‘ಆಂಡ್ರಿಯಾ ಡೋರಿಯಾ’ ಮತ್ತು ‘ಸ್ಟಾಕ್‌ಹೋಮ್’ ಎರಡರಲ್ಲಿಯೂ ರೇಡಾರ್ ಇದ್ದಿತೆಂಬುದನ್ನು ಮರೆಯುವಂತಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಇಡೀ ವಿಧಾನದ ದುರ್ಬಲ ಸ್ಥಾನ ಇದೇ. ಅದು ಸಿದ್ಧಾಂತದಿಂದ ಹುಟ್ಟಿದ ಸಂಖ್ಯೆಯಲ್ಲ. ಲೆಕ್ಕಕ್ಕೆ ಸಿಗದುದೆಲ್ಲವನ್ನೂ ತುಂಬಿಟ್ಟ ಶೇಷ. ಒಂದು ಕಡಲಿನಲ್ಲಿ ಪಡೆದುದನ್ನು ಇನ್ನೊಂದರ ಸೇತುವೆಗೋ ಬಂದರಿಗೋ ಹಚ್ಚುವಾಗ ಅಲ್ಲಿನ ನಾವಿಕರ ಜಾಗರೂಕತೆಯೂ ಇಲ್ಲಿಯಂತೆಯೇ ಇದೆಯೆಂದು ಒಪ್ಪಿಕೊಂಡಂತಾಗುತ್ತದೆ. ಒಂದೇ ಜಲಮಾರ್ಗದ ಎರಡು ವ್ಯವಸ್ಥೆಗಳನ್ನು ಹೋಲಿಸುವಾಗ ಅಂಶವು ಸಮನಾಗಿದ್ದರೆ ರದ್ದಾಗುತ್ತದೆ. ಆಗ ಗಣನೆ ಹೆಚ್ಚು ನಂಬಲರ್ಹ. ಆದರೆ ಸಂಚಾರ ವಿಭಜನೆಯ ಅನಂತರ ಈ ಅಂಶವೇ ಇಳಿದುದನ್ನು ಮ್ಯಾಕ್‌ಡಫ್ ಅವರ ಡೋವರ್ ಅಂಕಿಗಳು ತೋರಿಸುತ್ತವೆ. ಇನ್ನು ತನ್ನ ಪಥವನ್ನು ಬಿಟ್ಟು ಬಂದ ‘ಪರಾಕಾಸ್’ನಂಥ ಹಡಗಿಗೆ, ಎಲ್ಲರೂ ತಮ್ಮ ತಮ್ಮ ಪಥದಲ್ಲಿಯೇ ಇರುವರೆಂದು ಎಣಿಸುವ ಗಣಿತದಲ್ಲಿ ಸ್ಥಾನವೇ ಇಲ್ಲ.